ಕೊನೆಯ ಪುಟದ ಅತ್ತೆ

ಮುನ್ನೂರು ಪುಟ ದಾಟಿದರೂ ಅಡುಗೆಯವಳ ಸುಳಿವಿಲ್ಲ. ನಿನ್ನೆ ರಾತ್ರಿ ಹನ್ನೊಂದೂವರೆಗೆ ನನ್ನ ಅವಸ್ಥೆ ಇದು. ಕರೆಂಟಿಲ್ಲ, ಮೊಬೈಲಿನಲ್ಲಿ ಒಂಬತ್ತು ಪರ್ಸೆಂಟ್ ಚಾರ್ಜು, ಅಟ್ಟದ ಮೇಲೆ ಕಬೆಕ್ಕಿನ ಓಡಾಟ.

ಮಗಳು ಬೆಂಗಳೂರಿನಿಂದ ತಂದಿಟ್ಟುಹೋದ ಇಂಗ್ಲಿಷ್ ಥ್ರಿಲ್ಲರ್. ಮಗು ನೋಡಿಕೊಳ್ಳಲು ಹುಡುಗಿಯೊಬ್ಬಳು ಊರಾಚೆಯ ಬಂಗಲೆಗೆ ಹೋಗುತ್ತಾಳೆ. ಕಣ್ಣು ಕುಕ್ಕುವ ಸಂಬಳ, ಹಿಂದಿನ ದಾದಿಯರೆಲ್ಲ ತಿಂಗಳೊಳಗೆ ಪರಾರಿ, ಬೀಗ ಜಡಿದ ಒಂದು ಕೋಣೆ, ನಡುರಾತ್ರಿ ತಲೆಯ ಮೇಲೆ ಹೆಜ್ಜೆ ಸದ್ದು. ಸಾಂಬಾರಿಗೆ ಕೊತ್ತಂಬರಿ, ಮೆಣಸು ಇದ್ದ ಹಾಗೆ ಈ ಜಾತಿಯ ಕಥೆಗೆ ಇಷ್ಟು ಸಾಮಾನು ಬೇಕೇ ಬೇಕು. ಓದಲಿಕ್ಕೆ ಕಾಸರಗೋಡು ಕಡೆಯ ನಮ್ಮ ನೀರ್ಚಾಲಿನ ಆಟಿ ತಿಂಗಳ ಮಳೆಗಿಂತ ಒಳ್ಳೆಯ ಹೊತ್ತು ಯಾವುದು? ಕುಂಬಳೆಯ ಕಡಲಲ್ಲಿ ಮೋಡ ಕಂಡರೆ ಸಾಕು, ನಮ್ಮಲ್ಲಿ ಕರೆಂಟು ಹೋಗಿರುತ್ತದೆ.

ಆದರೆ ಮನೆಯಲ್ಲಿ ಅತ್ತೆ ಇದ್ದಾರೆ.

ಎಂಬತ್ತೊಂದು ವರ್ಷ, ನಿವೃತ್ತ ಟೀಚರು. ಯಾವ ಪುಸ್ತಕ ಸಿಕ್ಕಿದರೂ ಮೊದಲು ಕೊನೆಯ ಪುಟ ಓದುತ್ತಾರೆ. ಪುಸ್ತಕ ಮಾತ್ರವಲ್ಲ. ಮದುವೆ ಕಾಗದ ಬಂದರೆ ವಧು ಯಾರು, ವರ ಯಾರು ಎಂದು ನೋಡುವ ಮೊದಲೇ ತಳದ ಸಾಲಿಗೆ ಹೋಗಿ, “ಉಡುಗೊರೆ ಬೇಡ ಅಂತ ಉಂಟಾ?” ಎನ್ನುತ್ತಾರೆ. ಮಾತ್ರೆಯ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಅಡ್ಡಪರಿಣಾಮ ಮೊದಲು ಓದಿ, ಅದೆಲ್ಲ ಬಂದಾಯಿತೆಂದು ಮಾತ್ರೆ ಬಿಡುತ್ತಾರೆ. ಬಸ್ಸು ಹತ್ತಿದರೆ ಇಳಿಯುವ ಬಾಗಿಲ ಪಕ್ಕದ ಸೀಟೇ ಆಗಬೇಕು.

ನಾನು 40ನೇ ಪುಟದಲ್ಲಿದ್ದಾಗ, ಸಾಂತಾಣಿಯನ್ನು, ಅಂದರೆ ಬೇಯಿಸಿ ಒಣಗಿಸಿದ ಹಲಸಿನ ಬೀಜವನ್ನು, ಬಾಯಲ್ಲಿ ಆಡಿಸುತ್ತಾ ಬಂದರು. “ಅಡುಗೆಯವಳು ಸಾಯ್ತಾಳೆ ಆಯ್ತಾ, ಸ್ನಾನದ ತೊಟ್ಟಿಯಲ್ಲಿ. ಪಾಪ,” ಎಂದರು. ಮರುಕ್ಷಣವೇ, “ಚಾ ಮಾಡ್ಲಾ?”

ಅಲ್ಲಿಂದ ಮೂರು ರಾತ್ರಿ ನಾನು ಕಾದಂಬರಿ ಓದಲಿಲ್ಲ, ಅಡುಗೆಯವಳನ್ನು ಹುಡುಕಿದೆ. ದಾದಿ ತನ್ನ ಬ್ರೆಡ್ಡು ತಾನೇ ಕರಟಿಸಿಕೊಳ್ಳುತ್ತಾಳೆ. ಮನೆಯೊಡತಿ ಫ್ರಿಜ್ಜಿನಿಂದ ಏನೋ ತೆಗೆದು ಬಿಸಿ ಮಾಡುತ್ತಾಳೆ. ತೋಟದ ಮಾಲಿಯೇ ವೇಷ ಮರೆಸಿದ ಅಡುಗೆಯವಳಿರಬಹುದೇ? ಅವನು ಒಮ್ಮೆ ಈರುಳ್ಳಿ ಕಿತ್ತದ್ದಕ್ಕೆ ಆ ಪುಟದ ಕಿವಿ ಮಡಚಿಟ್ಟೆ. ಬೀಗದ ಕೋಣೆ ತೆರೆದಾಗ ಎದೆ ಹೊಡೆದುಕೊಂಡಿತು. ಒಳಗೆ ಒಲೆ ಇದೆಯೇ ಎಂದು ನೋಡಿದೆ! ನಿಜವಾದ ಗುಟ್ಟು ಒಡೆದಾಗ ನನಗೆ ಅದು ಗುಟ್ಟೆಂದೇ ತಿಳಿಯಲಿಲ್ಲ. “ಸರಿ, ಅಡುಗೆಯವಳು ಎಲ್ಲಿ?” ಎಂದು ಪುಟ ತಿರುಗಿಸಿದೆ.

ಕಥೆ ಮುಗಿದಿತ್ತು. ಮುಂದಿನ ಪುಟದಲ್ಲಿ ದಪ್ಪ ಅಕ್ಷರ: ಇದೇ ಲೇಖಕಿಯ ಹೊಸ ಕಾದಂಬರಿಯ ಮೊದಲ ಅಧ್ಯಾಯ. ಸೋಪಿನ ಜೊತೆ ಶಾಂಪೂ ಪ್ಯಾಕೆಟ್ ಅಂಟಿಸಿ ಕೊಡುವಂತೆ ಈಗಿನ ಪ್ರಕಾಶಕರು ಇದನ್ನೂ ಅಂಟಿಸುತ್ತಾರೆ. ಅದರ ಕಟ್ಟಕಡೆಯ ಪುಟದಲ್ಲಿ, ತೊಟ್ಟಿಯೊಳಗೆ, ನನ್ನ ಅಡುಗೆಯವಳು ತಣ್ಣಗೆ ಮಲಗಿದ್ದಳು.

ಬೆಳಿಗ್ಗೆ ತೆಳ್ಳವು ದೋಸೆ ಹೊಯ್ಯುತ್ತಾ ಜಗಳ ತೆಗೆದೆ. ಅತ್ತೆ ಜಗ್ಗಲಿಲ್ಲ. “ಪಾರ್ತಿಸುಬ್ಬನ ರಾಮಾಯಣದಲ್ಲಿ ರಾವಣ ಸಾಯ್ತಾನೆ ಅಂತ ಚೆಂಡೆ ಬಡಿಯುವ ಮೊದಲೇ ಗೊತ್ತಿತ್ತು. ಆದ್ರೂ ಚಾಪೆ ಹಿಡ್ಕೊಂಡು ಹೋಗಿ ಬೆಳಗಿನವರೆಗೆ ಕೂತದ್ದಲ್ವಾ? ಹೇಗೆ ಸಾಯ್ತಾನೆ ಅಂತ ನೋಡ್ಲಿಕ್ಕೆ. ಕೊನೆ ಗೊತ್ತಾದ್ರೆ ಕೆಡುವ ಕಥೆ ಎಂತದ್ದು ಮಾರಾಯ್ತಿ?” ಯಕ್ಷಗಾನ ಕವಿ ಪಾರ್ತಿಸುಬ್ಬನದೇ ಊರಾದ ಕುಂಬಳೆ ಸೀಮೆಯಲ್ಲಿ ಕೂತು ಇದಕ್ಕೆ ಉತ್ತರ ಕೊಡುವುದು ಕಷ್ಟ. ತೆಳ್ಳವು ಸೀದಿತು.

ಆಮೇಲೆ ತಾವಾಗಿಯೇ ಹೇಳಿದರು: “ನಾನೂ ಹೋಗಿದ್ದೆ, ಮಗು ಆಡಿಸ್ಲಿಕ್ಕೆ. ಹತ್ತು ವರ್ಷ ಆಗ. ಪೆರ್ಲದ ಹತ್ರ, ದೊಡ್ಡಕ್ಕನ ಗಂಡನ ಮನೆಗೆ.”

“ಸಂಬಳ?”

“ವರ್ಷಕ್ಕೆ ಎರಡು ಲಂಗ.”

“ಬೀಗ ಹಾಕಿದ ಕೋಣೆ?”

“ಇತ್ತು. ಬೆಲ್ಲದ್ದು.”

“ರಾತ್ರಿ ಹೆಜ್ಜೆ ಸದ್ದು?”

“ಅದು ನಾನೇ. ಬೀಗದ ಕೈ ಎಲ್ಲಿಡ್ತಾರೆ ಅಂತ ಮಗು ಆಡಿಸುವವಳಿಗೆ ಗೊತ್ತಿರುದಿಲ್ವಾ?” ನಕ್ಕರು. ಸ್ವಲ್ಪ ಹೊತ್ತು ಹಂಚಿನಿಂದ ಇಳಿಯುವ ನೀರು ನೋಡಿದರು. “ಅಮ್ಮನ ನೆನಪಾಗಿ ನಿದ್ದೆ ಬರ್ತಿರ್ಲಿಲ್ಲ. ಬೆಲ್ಲ ಬಾಯಿಗೆ ಹಾಕಿದ್ರೆ ಬರ್ತಿತ್ತು.”

ನನ್ನ ಸಿಟ್ಟು ಇಳಿಯಿತು ಎಂದುಕೊಳ್ಳಬೇಡಿ. ಎಂ.ಎ. ಕಾಲದ ಪೆಟ್ಟಿಗೆಯಿಂದ ಹೆನ್ರಿ ಜೇಮ್ಸನ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಹುಡುಕಿ ತೆಗೆದೆ. 1898ರದ್ದು, ಇಂಥ ಕಥೆಗಳಿಗೆಲ್ಲ ಅಜ್ಜಿ. ಬಂಗಲೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಗವರ್ನೆಸ್ ಕಂಡದ್ದು ದೆವ್ವವೋ, ಅವಳ ಭ್ರಮೆಯೋ ಎಂದು ಓದಿದವರು ಇವತ್ತಿಗೂ ಕಚ್ಚಾಡುತ್ತಾರೆ. ಕೊನೆಯ ಪುಟ ಓದಿದರೂ ಬಗೆಹರಿಯುವುದಿಲ್ಲ. ಅತ್ತೆಯ ಕೈಗೆ ಕೊಟ್ಟು ಬಾಗಿಲ ಸಂದಿಯಲ್ಲಿ ನಿಂತೆ.

ನೇರ ಕೊನೆಗೆ ಹೋದರು. ಓದಿದರು. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು. ರಟ್ಟನ್ನು ಬಗ್ಗಿಸಿ, ಹೊಲಿಗೆಯ ಹತ್ತಿರ ಬೆರಳಾಡಿಸಿ ನೋಡಿದರು.

“ಇದ್ರ ಕೊನೆಯ ಹಾಳೆ ಹರಿದುಹೋಗಿದೆ ಮಾರಾಯ್ತಿ. ಅಂಗಡಿಗೆ ವಾಪಸು ಕೊಡು.”