ಚೈನ್ ಕಟ್, ಭಾವ ಆನ್

ಮೊನ್ನೆ ಕಬ್ಬಿನ ಲೋಡು ಫ್ಯಾಕ್ಟರಿ ಗೇಟು ದಾಟಿತೋ ಇಲ್ಲವೋ, ಒಳಗೆ ಕಬ್ಬನ್ನು ಮಿಲ್ಲಿಗೆ ಸಾಗಿಸುವ ಕೇನ್ ಕ್ಯಾರಿಯರ್ ಚೈನು ಕಟ್ ಆಯ್ತು. ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಟಾವಿನ ಆರ್ಡರಿಗೆ ಫ್ಯಾಕ್ಟರಿಯ ಫೀಲ್ಡ್‌ಮನ್ ಹಿಂದೆ ಅಲೆದು, ಕಡಿಯುವ ಆಳುಗಳಿಗೆ ಮುಂಗಡ ಕೊಟ್ಟು, ಇನ್ನೇನು ಲೋಡು ಬಂತು ಅನ್ನುವಾಗಲೇ ಅದು ಕಟ್ ಆಗುತ್ತದೆ. ಬೇರೆಯವರ ಲೋಡು ಬಂದಾಗಲೂ ಆಗುತ್ತದಂತೆ. ನಾನು ನಂಬುವುದಿಲ್ಲ.

ಕಡಿದ ಕಬ್ಬು ಬಿಸಿಲಲ್ಲಿ ನಿಂತರೆ ತೂಕ ಇಳಿಯುತ್ತದೆ. ನಮಗೆ ದುಡ್ಡು ಟನ್ ಲೆಕ್ಕದಲ್ಲಿ. ತೂಕದ ವೇಬ್ರಿಜ್ ಹತ್ತುವ ಮೊದಲೇ ದುಡ್ಡು ಆವಿಯಾಗುತ್ತಿತ್ತು. ಅದನ್ನಾದರೂ ಸಹಿಸಬಹುದು. ಜೊತೆಯಲ್ಲಿ ಭಾವ ಬಂದಿದ್ದರು.

ಭಾವ ಬೇರೊಂದು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ರಿಟೈರ್ ಆದವರು. ಚೈನು ಕಂಡರೆ ಒಂದು ಕೊಂಡಿ ಎಳೆದು ನೋಡದೆ ಮುಂದೆ ಹೋಗುವವರಲ್ಲ. ಒಂದು ಮದುವೆಯಲ್ಲಿ ಅತ್ತಿಗೆ ಆಸೆಯಿಂದ ಎರಡೆಳೆ ಚಿನ್ನದ ಸರ ತೋರಿಸಿದರೆ, ಬೆಳಕಿಗೆ ಹಿಡಿದು "ಒಂದೆಳೆ ಉದ್ದ ಆಗ್ಬುಟ್ಟದೆ ಕಣವ್ವ. ಒಂದನ್ನೇ ಬದಲಾಯಿಸೋ ಹಂಗಿಲ್ಲ, ಜೋಡಿನೇ ಹಾಕ್ಬೇಕು" ಅಂದರು. ಅತ್ತಿಗೆ ಆ ಮಾತನ್ನೇ ಹಿಡಿದು ಹೊಸ ಸರ ಮಾಡಿಸಿಕೊಂಡರು. ಅಣ್ಣ ಈಗಲೂ ಭಾವನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಯಾರ್ಡಿನಲ್ಲಿ ಡ್ರೈವರ್‌ಗಳೆಲ್ಲ ನೆರಳಿಗೆ ಕೂತಿದ್ದರು. ಭಾವನಿಗೆ ಇಷ್ಟು ಸಾಕು. ನನ್ನ ಲೋಡಿನಿಂದಲೇ ಒಂದು ಜಲ್ಲೆ ಎಳೆದುಕೊಂಡು ನೆಲದ ಮೇಲೆ ಚೈನಿನ ಚಿತ್ರ ಬರೆದರು.

"ಚೈನು ಸುಮ್ಸುಮ್ನೆ ತುಂಡಾಗಕಿಲ್ಲ ಕಣ್ರಪ್ಪಾ, ಸವೀತದೆ. ಒಂದೊಂದು ಕೀಲಲ್ಲೂ ಪಿನ್ನು, ಅದರ ಸುತ್ತ ಇರೋ ಬುಷ್ ಕೊಳವೆ ಸೇರಿ ಒಂದೇ ಮಿಲಿಮೀಟರ್ ಸವೀತು ಅನ್ಕಳಿ. 200 ಕೊಂಡಿಗೆ ಎಷ್ಟಾಯ್ತು?"

"20 ಸೆಂಟಿಮೀಟರ್" ಅಂದ ಒಬ್ಬ.

"ನೋಡಿ! ಉದ್ದ ಆದ ಚೈನು ಸ್ಪ್ರಾಕೆಟ್ ಚಕ್ರದ ಹಲ್ಲಲ್ಲಿ ಕೂರದೆ ಮೇಲಕ್ಕೆ ಹತ್ತುತದೆ. ಎರಡು ಕಡೆ ಚೈನೂ ಒಂದೇ ಸಮ ಸವೀಲಿಲ್ಲ ಅಂದ್ರೆ ಮಧ್ಯದ ಪಟ್ಟಿ ಸೊಟ್ಟಗಾಯ್ತದೆ. ಆಮೇಲೆ ನಾವು ಹಿಂಗೆ ಕೂತ್ಕತೀವಿ."

ಅಲ್ಲಿಗೆ ಮೊದಲ ಜಲ್ಲೆ ಅವರ ಬಾಯಿಗೆ ಹೋಯಿತು. ಕಬ್ಬಿನ ಹಾಲಿನ ಹುಳಿ ಕಬ್ಬಿಣವನ್ನು ತಿನ್ನುವುದು ಹೇಗೆ ಅಂತ ವಿವರಿಸಲು ಇನ್ನೊಂದು ಎಳೆದರು. ಗದ್ದೆ ಮಣ್ಣು ಬುಷ್ ಒಳಗೆ ಸೇರಿ ಉಪ್ಪುಕಾಗದದ ಹಾಗೆ ಉಜ್ಜುವುದಕ್ಕೆ ಮತ್ತೊಂದು. ಮಿಲ್ಲಿಗೆ ಕಬ್ಬು ಹೋಗದಿದ್ದರೆ ಹಾಲು ಹಿಂಡಿದ ಸಿಪ್ಪೆ, ಅಂದರೆ ರಚ್ಚು ಬರಲ್ಲ, ರಚ್ಚಿಲ್ಲದಿದ್ದರೆ ಬಾಯ್ಲರ್‌ಗೆ ಉರುವಲಿಲ್ಲ, ಅನ್ನುವ ಹೊತ್ತಿಗೆ ಕೇಳುವವರ ಕೈಗೂ ಒಂದೊಂದು ಜಲ್ಲೆ ಬಂದಿತ್ತು. ಎಲ್ಲ ನನ್ನದೇ ಲೋಡಿನಿಂದ. ಯಾರ್ಡಿನ ತುಂಬ ಟ್ರ್ಯಾಕ್ಟರ್ ಇದ್ದವಲ್ಲ, ಸ್ವಾಮಿ!

ಮಧ್ಯಾಹ್ನ ಒಳಗಿನಿಂದ ಸುತ್ತಿಗೆ ಸದ್ದು ಬಂತು. ಭಾವ ಮಾತು ನಿಲ್ಲಿಸಿ ಕಿವಿಗೊಟ್ಟರು. "ಪಿನ್ನು ಹೊಡೀತಾವ್ರೆ" ಅಂತ ಎದ್ದು ಹೋದರು. ಪಾಸ್ ಇಲ್ಲ ಅಂತ ಸೆಕ್ಯೂರಿಟಿಯವನು ಒಳಗೆ ಬಿಡಲಿಲ್ಲ. ವಾಪಸ್ ಬಂದು, "ಹೊಸ ಹುಡುಗ್ರು. ಮಾಡ್ತಾವೆ ಬಿಡು" ಅಂದರು. ಆಮೇಲೆ ಯಾರು ಏನು ಕೇಳಿದರೂ ಉತ್ತರ ಕೊಡಲಿಲ್ಲ. ಆಗ ಮಾತ್ರ ಬೇಕಿದ್ದರೆ ಇನ್ನೆರಡು ಜಲ್ಲೆ ತಿನ್ನಲಿ ಅನ್ನಿಸಿತು.

ಸಂಜೆ ಚೈನು ತಿರುಗಿತು. ನಮ್ಮ ಸರದಿ ಬಂದಾಗ ಕತ್ತಲಾಗಿತ್ತು. ತೂಕದ ಚೀಟಿ ನೋಡಿ ನನ್ನ ಮುಖ ಇಳಿಯಿತು. ಭಾವ ಚೀಟಿ ಇಸಿದುಕೊಂಡು ಟಾರ್ಚ್ ಬಿಟ್ಟು ನೋಡಿದರು. ಬಾಯಲ್ಲಿದ್ದ ರಚ್ಚನ್ನು ಪಕ್ಕಕ್ಕೆ ಉಗಿದು, "ಬಿಸ್ಲು ಜಾಸ್ತಿ ಇತ್ತಲ್ವಾ" ಅಂದರು.