ಎರೆಗೆ ಸೋಪಿನ ನೀರು ಬೇಡ, ಗುದ್ದಲಿ ಸಾಕು

ಹೋದ ಭಾನುವಾರ ನಮ್ಮ ತೋಟದ ಕೆಳಗಿನ ಹಳ್ಳದ ಹತ್ತಿರ ಮೂರ್ನಾಲ್ಕು ಹುಡುಗರು ಸಿಕ್ಕರು. ಗಾಳ ಹಾಕೋಕೆ ಬಂದಿದ್ದರು. ಒಬ್ಬ ಬಕೆಟ್‌ನಲ್ಲಿ ಬಟ್ಟೆ ಸೋಪಿನ ಪುಡಿ ಕದಡಿ ದಂಡೆಯ ಮೇಲೆ ಸುರಿಯುತ್ತಿದ್ದ. ಸ್ವಲ್ಪ ಹೊತ್ತಿಗೆ ಎರೆಹುಳುಗಳು ಒದ್ದಾಡುತ್ತಾ ಮೇಲೆ ಬಂದವು. ದಪ್ಪ ದಪ್ಪದ್ದು ಹತ್ತಿಪ್ಪತ್ತು ಆರಿಸಿಕೊಂಡರು. ಉಳಿದವು ನೊರೆಯಲ್ಲೇ ಸುರುಳಿ ಸುತ್ತಿಕೊಂಡು ಬಿದ್ದಿದ್ದವು.

"ಮೊಬೈಲಲ್ಲಿ ನೋಡಿದ್ವಿ ಅಣ್ಣ, ಅಗೆಯೋ ಕೆಲಸಾನೇ ಇಲ್ಲ" ಅಂದರು.

ಹುಡುಗರ ಮೇಲೆ ಸಿಟ್ಟು ಬರಲಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ. ಆದರೆ ತುಂಬಾ ಬೇಜಾರಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಎರೆಹುಳುವಿಗೆ ಶ್ವಾಸಕೋಶ ಇಲ್ಲ. ಅದು ಉಸಿರಾಡೋದು ಚರ್ಮದಿಂದ. ಚರ್ಮದ ಮೇಲಿನ ಲೋಳೆ ಒದ್ದೆಯಾಗಿದ್ದರೆ ಮಾತ್ರ ಅದಕ್ಕೆ ಉಸಿರು. ಸೋಪು ಆ ಲೋಳೆಗೇ ಹೊಡೆತ ಕೊಡುತ್ತದೆ. ಹುಳು ಮೇಲೆ ಬರೋದು ಉರಿ ತಾಳಲಾರದೆ. ಬರಲಾಗದೆ ಒಳಗೇ ಸತ್ತವನ್ನು ಯಾರು ಎಣಿಸುತ್ತಾರೆ? ಆಮೇಲೆ ಅದೇ ನೀರು ಇಳಿದು ಹಳ್ಳ ಸೇರುತ್ತದೆ. ಮೀನಿನ ಕಿವಿರಿಗೂ ಸೋಪು ಆಗಲ್ಲ. ಮೀನು ಬೇಕು ಅಂತ ಬಂದವರು ಮೀನಿರೋ ನೀರನ್ನೇ ಕೆಡಿಸೋದು ಯಾವ ನ್ಯಾಯ?

ಎರೆ ಎಲ್ಲಿದೆ ಅಂತ ನೆಲವೇ ತೋರಿಸುತ್ತದೆ. ಬೆಳಿಗ್ಗೆ ಬೇಗ ಎದ್ದು ಬಾಳೆ ಬುಡ ನೋಡಿ. ಶ್ಯಾವಿಗೆ ಒತ್ತಿ ಬಿಟ್ಟ ಹಾಗೆ ಮಣ್ಣಿನ ಪುಟ್ಟ ಪುಟ್ಟ ಗುಪ್ಪೆಗಳು ಇರುತ್ತವೆ. ಅದು ಎರೆಹುಳುವಿನ ಹಿಕ್ಕೆ. ಬೆರಳಲ್ಲಿ ಒತ್ತಿದಾಗ ಮೆತ್ತಗೆ ಹತ್ತಿದರೆ ನಿನ್ನೆ ರಾತ್ರಿಯದು, ಹುಳು ಅಲ್ಲೇ ಕೆಳಗಿದೆ. ಒಣಗಿ ಗಟ್ಟಿಯಾಗಿದ್ದರೆ ಬಿಟ್ಟುಬಿಡಿ, ಹುಳು ತಂಪು ಹುಡುಕಿಕೊಂಡು ಆಳಕ್ಕೆ ಇಳಿದಿರುತ್ತದೆ. ನಮ್ಮ ತೀರ್ಥಹಳ್ಳಿ ಕಡೆ ಬೇಸಿಗೆಯಲ್ಲಿ ಎರೆ ಬೇಕೆಂದರೆ ಬಾಳೆ ಬುಡ, ಬಚ್ಚಲ ನೀರು ಹೋಗಿ ಕೆಸು ಬೆಳೆದಿರೋ ಜಾಗ, ಇಲ್ಲಾ ಕೊಟ್ಟಿಗೆ ಹಿಂದಿನ ಗೊಬ್ಬರದ ಗುಂಡಿ. ಗುಂಡಿಯಲ್ಲೂ ಹಸಿ ಸಗಣಿ ಬಿಸಿ ಇರುತ್ತೆ, ಅಲ್ಲಿ ಹುಳು ಇರಲ್ಲ. ಅಂಚಿನ ಹಳೇ ಗೊಬ್ಬರ ಕೆದಕಿ. ಸಣ್ಣಗೆ, ನೇರಳೆ ಹೊಳಪಿನ ಹುಳುಗಳು ಸಿಗುತ್ತವೆ. ಕೈಯಲ್ಲಿ ಹಿಡಿದರೆ ಚಿಮ್ಮುತ್ತವೆ. ಸಣ್ಣ ಗಾಳಕ್ಕೆ, ಸಣ್ಣ ಗೆಂಡೆ ಮೀನಿಗೆ ಅದರಷ್ಟು ಒಳ್ಳೆ ಎರೆ ನಾನು ಕಂಡಿಲ್ಲ.

ಗುದ್ದಲಿ ಹಾಕೋದರಲ್ಲೂ ಒಂದು ಕ್ರಮ ಇದೆ. ಸೌದೆ ಕಡಿದ ಹಾಗೆ ಮೇಲಿಂದ ಮೇಲೆ ಹೊಡೆಯಬಾರದು. ಓರೆಯಾಗಿ ಒಂದು ಗೇಣು ಇಳಿಸಿ ಹೆಂಟೆ ಎಬ್ಬಿಸಬೇಕು, ಆಮೇಲೆ ಕೈಯಲ್ಲಿ ಒಡೆಯಬೇಕು. ಎರೆಹುಳು ಎರಡು ತುಂಡಾದರೆ ಎರಡು ಹುಳು ಆಗುತ್ತೆ ಅಂತ ಬಹಳ ಜನ ನಂಬಿದ್ದಾರೆ. ಹಾಗಾಗಲ್ಲ. ತಲೆ ಕಡೆಯ ತುಂಡು ಉದ್ದ ಉಳಿದಿದ್ದರೆ ಬಾಲ ಮತ್ತೆ ಬೆಳೆಯಬಹುದು. ಬಾಲದ ತುಂಡು ಸ್ವಲ್ಪ ದಿನ ಮಿಸುಕಾಡಿ ಸಾಯುತ್ತದೆ.

ಅಗೆಯೋದೂ ಬೇಡ ಅಂದರೆ ಮಳೆ ರಾತ್ರಿಗೆ ಕಾಯಿರಿ. ನನಗೆ ಅತಿ ಇಷ್ಟದ ದಾರಿ ಇದೇ. ಕಳೆದ ದಸರಾ ರಜೆಗೆ ಬೆಂಗಳೂರಿಂದ ಅಕ್ಕನ ಮಗ ಬಂದಿದ್ದ, ಒಂಬತ್ತು ವರ್ಷ. ಚಿತ್ತೆ ಮಳೆ ಸಂಜೆ ಚೆನ್ನಾಗಿ ಹೊಡೆದು ನಿಂತಿತ್ತು. ಊಟ ಮುಗಿಸಿ ಇಬ್ಬರೂ ಬರಿಗಾಲಲ್ಲಿ ಹೊರಟೆವು. ಟಾರ್ಚಿನ ಬಾಯಿಗೆ ಕೆಂಪು ಪ್ಲಾಸ್ಟಿಕ್ ಕಾಗದ ಕಟ್ಟಿದ್ದೆ. ಎರೆಹುಳುವಿಗೆ ಕಣ್ಣಿಲ್ಲ, ಆದರೆ ಬೆಳಕು ಚರ್ಮಕ್ಕೆ ಗೊತ್ತಾಗುತ್ತದೆ. ಬಿಳಿ ಬೆಳಕು ಬಿದ್ದರೆ ಸರಕ್ಕನೆ ಒಳಗೆ ಹೋಗುತ್ತದೆ. ಕೆಂಪು ಅಷ್ಟಾಗಿ ತಾಗಲ್ಲ.

"ಮಾವ, ಮಾತಾಡಬಹುದಾ?" ಅಂತ ಪಿಸುಗುಟ್ಟಿದ.

"ಮಾತಾಡು. ಕಾಲು ಮಾತ್ರ ಬಡೀಬೇಡ" ಅಂದೆ.

ಇದನ್ನು ಡಾರ್ವಿನ್ ಪರೀಕ್ಷೆ ಮಾಡಿಯೇ ನೋಡಿದ್ದರು. 1881ರಲ್ಲಿ ಅವರು ಎರೆಹುಳುಗಳ ಬಗ್ಗೆಯೇ ಒಂದು ಇಡೀ ಪುಸ್ತಕ ತಂದರು. ಕೂಗಿದರೂ, ಹತ್ತಿರದಲ್ಲಿ ಪಿಯಾನೋ ಬಾರಿಸಿದರೂ ಹುಳುಗಳಿಗೆ ಏನೂ ಅನ್ನಿಸಲಿಲ್ಲವಂತೆ. ಕುಂಡವನ್ನು ಪಿಯಾನೋ ಮೇಲೇ ಇಟ್ಟು ಬಾರಿಸಿದಾಗ ಮಾತ್ರ ತಟ್ಟನೆ ಬಿಲ ಸೇರಿದವು. ಸದ್ದು ಕೇಳಿಸಲ್ಲ, ಅದುರಿದ್ದು ಗೊತ್ತಾಗುತ್ತದೆ.

ಅಂಗಳದ ಅಂಚಲ್ಲಿ ಒಂದು ಹುಳು ಅರ್ಧ ಮೈ ಹೊರಗೆ ಚಾಚಿ ಒಣಗಿದ ಎಲೆ ತಡಕಾಡುತ್ತಿತ್ತು. ಹುಡುಗ ಬಿಲದ ಬಾಯಿಯ ಹತ್ತಿರವೇ ಎರಡು ಬೆರಳಿಂದ ಹಿಡಿದ. ಎಳೀಬೇಡ, ಸುಮ್ನೆ ಹಿಡ್ಕೊಂಡಿರು ಅಂದೆ. ಹುಳುವಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಗೂದಲು ಇವೆ. ಅವನ್ನು ಬಿಲದ ಗೋಡೆಗೆ ಊರಿ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಎಳೆದರೆ ಹರಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಅದೇ ಸಡಿಲವಾಗುತ್ತದೆ, ಆಗ ಜಾರಿಕೊಂಡು ಬರುತ್ತದೆ. ಬಂತು. ಮನೆಗೆ ತಂದು ಹಳೇ ಪೇಪರ್ ಮೇಲೆ ಬಿಟ್ಟು, ಕಿವಿ ಹತ್ತಿರ ಇಡು ಅಂದೆ. ಬಿರುಗೂದಲು ಕಾಗದಕ್ಕೆ ಉಜ್ಜಿ ಸರ ಸರ ಅನ್ನುವ ಸಣ್ಣ ಸದ್ದು. ಅವನ ಮುಖ ನೋಡಬೇಕಿತ್ತು ನೀವು. ಮಾರನೇ ದಿನ ಗಾಳಕ್ಕೆ ಬಿದ್ದ ಮೀನಿಗಿಂತ ಆ ಸದ್ದಿನ ಸುದ್ದಿಯನ್ನೇ ಅಮ್ಮನಿಗೆ ಫೋನಲ್ಲಿ ಜಾಸ್ತಿ ಹೇಳಿದ.

ಹಿಡಿದ ಎರೆ ಇಡೋಕೆ ಅಡಿಕೆ ಹಾಳೆ ಮಡಿಚಿದರೆ ಸಾಕು. ಅಗೆದ ಜಾಗದ್ದೇ ಒದ್ದೆ ಮಣ್ಣು, ಮೇಲೊಂದು ಕೆಸುವಿನ ಎಲೆ, ನೆರಳು. ಬಿಸಿಲಲ್ಲಿ ಪ್ಲಾಸ್ಟಿಕ್ ಡಬ್ಬಿ ಮುಚ್ಚಿಟ್ಟರೆ ಅರ್ಧ ದಿನಕ್ಕೆ ಎಲ್ಲ ಕೊಳೆತು ನಾರುತ್ತದೆ.

ಗಾಳಕ್ಕೆ ಸಿಕ್ಕಿಸುವಾಗ ಕೊನೆಯಲ್ಲಿ ಒಂದಿಷ್ಟು ಬಾಲ ಬಿಡಿ, ಅದು ಆಡಬೇಕು. ಚೇಳುಮೀನಿನಂಥ ಮೀಸೆ ಮೀನುಗಳು ಕತ್ತಲಾದ ಮೇಲೆ ವಾಸನೆ ಮತ್ತು ರುಚಿ ಹಿಡಿದು ಬರುತ್ತವೆ, ಅವಕ್ಕೆ ದಪ್ಪ ಹುಳು ಮುದ್ದೆಯಾಗಿ ಕೊಟ್ಟರೂ ನಡೆಯುತ್ತದೆ. ಮೊದಲ ಮಳೆಗೆ ಮೊಟ್ಟೆ ಇಡೋಕೆ ಹತ್ತಿ ಬರುವ ಮೀನಿನ ತಂಟೆಗೆ ಮಾತ್ರ ದಯವಿಟ್ಟು ಹೋಗಬೇಡಿ. ಚಿಪ್ಪಲಗುಡ್ಡೆಯಂಥ ಮತ್ಸ್ಯಧಾಮಗಳ ಹತ್ತಿರವೂ ಬೇಡ.

ಮನೆಯಲ್ಲಿ ಎರೆಗೊಬ್ಬರದ ತೊಟ್ಟಿ ಇದ್ದವರು ಅದರಿಂದ ತೆಗೆಯಬಹುದು, ತಪ್ಪಿಲ್ಲ. ಆದರೆ ಎಷ್ಟೋ ತೊಟ್ಟಿಗಳಲ್ಲಿ ಇರೋದು ಆಫ್ರಿಕದ ತಳಿ. ಉಳಿದದ್ದನ್ನು ಕಾಡಿನ ಹಳ್ಳದ ದಂಡೆಗೆ ಸುರಿದು ಬರಬೇಡಿ, ವಾಪಸ್ ತೊಟ್ಟಿಗೇ ಹಾಕಿ.

ಎರೆ ನಾವೇ ಅಗೆಯಬೇಕು ಅಂತ ನಾನು ಹಟ ಹಿಡಿಯೋಕೆ ಇನ್ನೊಂದು ಕಾರಣ ಇದೆ. ಅಗೆದರೆ ಮಾತ್ರ ನಮ್ಮ ಮಣ್ಣಿನ ಸ್ಥಿತಿ ಗೊತ್ತಾಗೋದು. ನಾನು ಚಿಕ್ಕವನಿದ್ದಾಗ ಅಡಿಕೆ ಸಾಲಿನಲ್ಲಿ ನಾಲ್ಕು ಗುದ್ದಲಿ ಹಾಕಿದರೆ ಒಂದು ತೆಂಗಿನ ಚಿಪ್ಪು ತುಂಬುತ್ತಿತ್ತು. ಈಗ ಅದೇ ಸಾಲಲ್ಲಿ ಹತ್ತು ಹಾಕಿದರೂ ಒಂದೆರಡು ಸಿಕ್ಕರೆ ಪುಣ್ಯ. ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತು ಮತ್ತು ಸುಣ್ಣದ ದ್ರಾವಣ, ಹೊಡೆಯದೆ ಅಡಿಕೆ ಉಳಿಯಲ್ಲ. ಮಳೆಗಾಲ ಹಿಡಿಯೋ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಮತ್ತೊಮ್ಮೆ. ಮೈಲುತುತ್ತಿನ ತಾಮ್ರ ಮಣ್ಣು ಸೇರಿದರೆ ಹೋಗಲ್ಲ, ವರ್ಷ ವರ್ಷಕ್ಕೂ ಕೂಡುತ್ತಲೇ ಇರುತ್ತದೆ. ತಾಮ್ರ ಹೆಚ್ಚಾದ ಮಣ್ಣಲ್ಲಿ ಎರೆಹುಳು ಬಾಳಲ್ಲ. ಅದರ ಮೇಲೆ ಕಳೆನಾಶಕ ಬೇರೆ. ಕಳೆ, ಸೊಪ್ಪು, ತರಗು ಏನೂ ಇಲ್ಲದೆ ನೆಲ ಬೋಳಾದರೆ ಹುಳು ತಿನ್ನೋದಾದರೂ ಏನನ್ನ?

ಬೋರ್ಡೋ ಬಿಡೋಕೆ ನನ್ನಿಂದ ಆಗಿಲ್ಲ. ಕಳೆನಾಶಕ ಬಿಟ್ಟು ಎರಡು ವರ್ಷ ಆಯಿತು. ಕಳೆ ಸವರಿ ಅಲ್ಲೇ ಬುಡಕ್ಕೆ ಹಾಕುತ್ತೇನೆ, ಜೊತೆಗೆ ಸೊಪ್ಪು, ಸೋಗೆ. ಹೋದ ವಾರ ಆರಿದ್ರಾ ಮಳೆ ಹೊಳವಾದ ಒಂದು ಬೆಳಿಗ್ಗೆ ಮೂರನೇ ಸಾಲಿನಲ್ಲಿ ಬಗ್ಗಿ ನೋಡಿದೆ. ತರಗಿನ ಕೆಳಗೆ ಆರೇಳು ಶ್ಯಾವಿಗೆ ಗುಪ್ಪೆ, ಇನ್ನೂ ಮೆತ್ತಗಿದ್ದವು. ಅಲ್ಲಿಗೆ ಈ ವರ್ಷ ಗುದ್ದಲಿ ಹಾಕಲ್ಲ. ನನ್ನ ಗಾಳಕ್ಕೆ ಗೊಬ್ಬರದ ಗುಂಡಿಯ ಹುಳು ಸಾಕು.