ಶಿರಸಿಯಲ್ಲಿ ಕೌನ್ಸೆಲಿಂಗ್, ಸ್ಪಾ ಮತ್ತು ನಾಯಿ ಸೋಪು

ಶಿರಸಿಯಲ್ಲಿ ಈಗ ಯೋಗ ಕ್ಲಾಸು, ಕೌನ್ಸೆಲಿಂಗ್ ಸೆಂಟರು, ನಾಯಿ ಬೆಕ್ಕಿಗೆ 'ನ್ಯಾಚುರಲ್' ಸೋಪು-ಎಣ್ಣೆ ಮಾರುವವರು ಎಲ್ಲ ಇದ್ದಾರೆ. "ಇದೆಲ್ಲ ಬೆಂಗಳೂರಿನ ಶೋಕಿ" ಎಂದು ನಗುವವರೂ ಇದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಸುತ್ತಲಿನ ಹಳ್ಳಿಗಳನ್ನು ನೋಡಿ. ಮಕ್ಕಳು ಬೆಂಗಳೂರಲ್ಲಿ, ಅಮೆರಿಕದಲ್ಲಿ. ದೊಡ್ಡ ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರು, ಕೊಟ್ಟಿಗೆಯಲ್ಲಿ ಒಂದು ಆಕಳು, ಜಗಲಿಯಲ್ಲಿ ಒಂದು ನಾಯಿ. ಅಡಿಕೆಗೆ ಒಂದು ವರ್ಷ ಕೊಳೆ ರೋಗ, ಇನ್ನೊಂದು ವರ್ಷ ಎಲೆಚುಕ್ಕಿ ರೋಗ. ಮನಸ್ಸು ಭಾರವಾಗಲು ಬೇರೆ ಕಾರಣ ಹುಡುಕಬೇಕಾಗಿಲ್ಲ.

ಹಾಗಾಗಿ ಇಂಥ ಕೆಲಸ ಮಾಡುವವರು ಊರಲ್ಲೇ ಬೇಕು. ಆದರೆ ನಮ್ಮೂರಿನವರು ಅಂತ ಸುಮ್ನೆ ನಂಬುವುದು ಬೇಡ. ನಾನು ನೋಡುವುದು ಇಷ್ಟೇ: "ಇದು ನನ್ನ ಕೈಲಾಗುವುದಲ್ಲ, ಬೇರೆಯವರ ಹತ್ತಿರ ಹೋಗಿ" ಎಂದು ಹೇಳುವ ಧೈರ್ಯ ಅವರಿಗೆ ಇದೆಯಾ?

ಕೌನ್ಸೆಲಿಂಗ್ ವಿಷಯ ತೆಗೆದುಕೊಳ್ಳಿ. ಆ್ಯಪ್‌ನಲ್ಲಿ ಸಿಗುವ ದೂರದ ಕೌನ್ಸೆಲರ್‌ಗೆ ಎಲ್ಲವನ್ನೂ ಬುಡದಿಂದ ಹೇಳಬೇಕು. ಅಣ್ಣ ತಮ್ಮಂದಿರ ಹಿಸ್ಸೆ ಜಗಳ ಎಂದರೆ ಏನು, ಕೊಳೆ ಬಂದ ವರ್ಷ ಸೊಸೈಟಿ ಸಾಲ ಹೇಗೆ ತಲೆ ಮೇಲೆ ಕೂರುತ್ತದೆ, ತೋಟ ನೋಡಿಕೊಂಡಿರುವ ಮಾಣಿಗೆ ಹೆಣ್ಣು ಯಾಕೆ ಸಿಗುವುದಿಲ್ಲ. ಶಿರಸಿಯ ಕೌನ್ಸೆಲರ್‌ಗೆ ಇದನ್ನೆಲ್ಲ ವಿವರಿಸಬೇಕಾಗಿಲ್ಲ. ಭಾಷೆಯೂ ಹಾಗೆ. ಕಾರವಾರದಲ್ಲಿ ಕೊಂಕಣಿ, ಹಳಿಯಾಳದಲ್ಲಿ ಮರಾಠಿ, ಭಟ್ಕಳದಲ್ಲಿ ನವಾಯತಿ, ಇಲ್ಲಿ ಹವ್ಯಕ ಕನ್ನಡ. ಅಳುವಾಗ ಮನೆಮಾತೇ ಬರುವುದು ಅಲ್ವಾ?

ತೊಂದರೆ ಇರುವುದೂ ಅಲ್ಲೇ. ಒಳಗೆ ಹೋಗಿ ಕೂತ ಕೂಡಲೇ "ಯಾರ ಮನೆ ಕೂಸು?" ಶುರು. ಎರಡು ನಿಮಿಷದಲ್ಲಿ ನಂಟು ಹೊರಬೀಳುತ್ತದೆ. ನಿಮ್ಮ ಅತ್ತೆಯ ತಂಗಿ ಅವರಿಗೆ ಚಿಕ್ಕಮ್ಮ. ಆಮೇಲೆ ಅತ್ತೆಯ ಬಗ್ಗೆ ಬಾಯಿ ಬಿಡುವುದು ಹೇಗೆ? ಕೆಳಗೆ ನಿಲ್ಲಿಸಿದ ಸ್ಕೂಟರ್ ಗುರುತಿಸುವವರು ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಗುಟ್ಟು ಗುಟ್ಟಾಗಿಯೇ ಉಳಿಯುವುದು ರೋಗಿಯ ಹಕ್ಕು. ಮದುವೆ ಮನೆಯ ಊಟದ ಪಂಕ್ತಿಗೆ ಆ ಕಾಯ್ದೆ ಗೊತ್ತಿಲ್ಲ. "ನಿಮ್ಮ ಮನೆಯವರು ನನಗೆ ಹತ್ತಿರದವರು, ನೀವು ಬೇರೆಯವರನ್ನು ನೋಡಿ" ಎಂದು ಕೌನ್ಸೆಲರ್ ತಾವಾಗಿಯೇ ಹೇಳಬೇಕು. ಹಾಗೆ ಹೇಳಿ ಗಿರಾಕಿ ಕಳೆದುಕೊಳ್ಳುವವರ ಬಗ್ಗೆ ನನಗೆ ಗೌರವ ಜಾಸ್ತಿ.

ಬೋರ್ಡನ್ನೂ ಓದಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಇರಬೇಕು. ಮಾತ್ರೆ ಬರೆಯುವುದು ಸೈಕಿಯಾಟ್ರಿಸ್ಟ್ ಕೆಲಸ. ಬರೀ 'ಕೌನ್ಸೆಲರ್' ಎಂದಿದ್ದರೆ ಎಲ್ಲಿ, ಏನು ಕಲಿತಿರಿ ಎಂದು ಕೇಳಿ. ಕೇಳಿದ್ದಕ್ಕೆ ಸಿಟ್ಟು ಮಾಡಿದರೆ ಎದ್ದು ಬನ್ನಿ. ಸಾಯುತ್ತೇನೆ ಎನ್ನುವವರಿಗೆ ಧ್ಯಾನ ಹೇಳಿಕೊಡುತ್ತಾ ಕೂರುವವರು ಅಪಾಯ. ರಾತ್ರಿ ಯಾರೂ ಸಿಗದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಯಾರ ಮನೆ ಕೂಸು ಎಂದು ಯಾರೂ ಕೇಳುವುದಿಲ್ಲ.

ಮಸಾಜು, ಸ್ಪಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೋಕರ್ಣದಲ್ಲಿ ಆ ವ್ಯಾಪಾರ ಜೋರಾಗಿದೆ, ರೇಟು ಮಾತ್ರ ಹೊರಗಿನವರನ್ನು ನೋಡಿ ಇಟ್ಟಿದ್ದು. ಮೈಕೈ ಹಗುರಾಗುತ್ತದೆ, ಅಷ್ಟು ಸಾಕು. ಸಕ್ಕರೆ ಕಾಯಿಲೆ ಬುಡಸಮೇತ ಹೋಗುತ್ತದೆ ಎಂದರೆ ಚಪ್ಪಲಿ ಹಾಕಿಕೊಳ್ಳಿ.

ಇನ್ನು ನಾಯಿ. ಯಜಮಾನರ ಹಿಂದೆ ಸೊಪ್ಪಿನ ಬೆಟ್ಟಕ್ಕೆ ಹೋಗಿ ಮೈತುಂಬ ಉಣುಗು (ಉಣ್ಣೆ ಹುಳ) ಹತ್ತಿಸಿಕೊಂಡು ಬರುತ್ತದೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಸೀಮೆ ನಮ್ಮದು, ಉಣುಗನ್ನು ಹಗುರವಾಗಿ ನೋಡುವ ಹಾಗಿಲ್ಲ. ಬೇವಿನ ಸೋಪಿನಲ್ಲಿ ತೊಳೆಯಿರಿ, ಬೇಡ ಅನ್ನುವುದಿಲ್ಲ. ಒಡೆದ ಪಾದಕ್ಕೆ ಮುರುಗಲು (ಕೋಕಂ) ತುಪ್ಪವನ್ನೂ ಹಚ್ಚಿ. ಆದರೆ ಅನ್ನಕ್ಕೆ ಬೆಳ್ಳುಳ್ಳಿ ಕಲಸಿ ಹಾಕಿದರೆ ಉಣುಗು ಹತ್ತುವುದಿಲ್ಲ ಎನ್ನುವ ಮಾತು ಕೇಳಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿ ಬೆಕ್ಕುಗಳ ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತವೆ. ಕರ್ಪೂರದ ಎಣ್ಣೆ ಹಚ್ಚಿದರೆ ನೆಕ್ಕುತ್ತದೆ, ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಟೀ ಟ್ರೀ ಎಣ್ಣೆ ಬೆಕ್ಕಿಗೆ ವಿಷ. ಎಲ್ಲ ನ್ಯಾಚುರಲ್ಲೇ. ವಿಷದ ಕಾಯಿ ಕಾಸರಕವೂ ನ್ಯಾಚುರಲ್ಲೇ! ನಾಯಿ ಊಟ ಬಿಟ್ಟು, ಮಂಕಾಗಿ, ವಸಡು ಬಿಳಚಿಕೊಂಡರೆ ಉಣುಗಿನ ಜ್ವರ ಇರಬಹುದು. ಆಗ ಬೇಕಾಗಿರುವುದು ರಕ್ತ ಪರೀಕ್ಷೆ, ದನದ ಡಾಕ್ಟರು.

ಹಾಗಂತ ಮನೆಮದ್ದೆಲ್ಲ ಸುಳ್ಳಲ್ಲ. ಆಕಳ ಕೆಚ್ಚಲು ಬಾವಿಗೆ ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ರುಬ್ಬಿ ಹಚ್ಚುವುದನ್ನು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯೇ ಹೇಳಿಕೊಡುತ್ತದೆ. ಅಲ್ಲಿ ಅಳತೆ ಇದೆ. ಯಾವ ಪ್ರಾಣಿಗೆ, ಯಾವ ರೋಗಕ್ಕೆ ಎಂದಿದೆ. ಸೋಪಿನ ಪೊಟ್ಟಣದ ಮೇಲೂ ಅಷ್ಟು ಬರೆಯಲಿ.

ಕೌನ್ಸೆಲರ್‌ಗಳಿಗೆ ನನ್ನದೊಂದು ಸಲಹೆ. ಶಿರಸಿಯವರು ವಾರಕ್ಕೆರಡು ದಿನ ಕುಮಟೆಯಲ್ಲಿ ಕೂರಲಿ, ಕುಮಟೆಯವರು ಇಲ್ಲಿಗೆ ಬರಲಿ. ಸೀಮೆ ಗೊತ್ತಿರುತ್ತದೆ, ನೆಂಟಸ್ತಿಕೆ ಸ್ವಲ್ಪ ದೂರ. ಪೂರ್ತಿ ತಪ್ಪುವುದಿಲ್ಲ ಬಿಡಿ, ಘಟ್ಟದ ಕೆಳಗೂ ನಮ್ಮವರೇ. ಮಳೆಗಾಲದಲ್ಲಿ ನಡುವಿನ ದೇವಿಮನೆ ಘಟ್ಟದ ದಾರಿ ಕೈಕೊಟ್ಟರೆ ಫೋನಲ್ಲೇ ಮಾತಾಡಿ. ಫೀ ಎಷ್ಟು ಎಂದು ಮಾತ್ರ ಮೊದಲೇ ಹೇಳಿಬಿಡಿ. ನಾಯಿ ಶಾಂಪೂಗೆ ಚೌಕಾಸಿ ಮಾಡದವರೂ "ಬರೀ ಮಾತಿಗೆ ಇಷ್ಟಾ?" ಎಂದು ಕೇಳುವ ಊರು ಇದು.